ಕೇಳದವರು ಕೊಡುವ ತೀರ್ಪು

ನಾನು ತುಕ್ಕಾನಟ್ಟಿಯಲ್ಲಿ ಮೋಟರ್ ವೈಂಡಿಂಗ್ ಮಾಡುವವನು. ನಮ್ಮೂರಿನ ಹೆಸರು ಕೇಳಿದವರು ಬಹಳ ಮಟ್ಟಿಗೆ ಇಲ್ಲಿನ ಕೃಷಿ ವಿಜ್ಞಾನ ಕೇಂದ್ರದಿಂದಾಗಿ ಕೇಳಿರುತ್ತಾರೆ. ಮೊದಲು ಗೋಕಾಕ ತಾಲ್ಲೂಕಿನಲ್ಲಿದ್ದೆವು, ಈಗ ಮೂಡಲಗಿಗೆ ಸೇರಿದ್ದೇವೆ. ಸುಟ್ಟ ಪಂಪ್‌ಸೆಟ್, ಬೋರಿನಿಂದ ಎತ್ತಿ ತಂದ ಸಬ್‌ಮರ್ಸಿಬಲ್, ಮೇವು ಕತ್ತರಿಸುವ ಮಷಿನ್ನಿನ ಮೋಟರ್, ಹಿಟ್ಟಿನ ಗಿರಣಿ ಮೋಟರ್, ಇವು ನನ್ನ ಅಂಗಡಿಗೆ ಬರುವ ಗಿರಾಕಿಗಳು. ಇಂಥವನು ಲ್ಯಾಪ್‌ಟಾಪಿನ ಬಗ್ಗೆ ಪತ್ರಿಕೆಗೆ ಯಾಕೆ ಬರೆಯುತ್ತಾನೆ ಎಂದು ಕೇಳುವವರಿಗೆ ಉತ್ತರ ಇಷ್ಟೇ: ಲ್ಯಾಪ್‌ಟಾಪಿನ ಒಳಗೂ ಕಾಯಿಲ್ ಇದೆ. ಕಾಯಿಲ್ ಯಾಕೆ ಸಪ್ಪಳ ಮಾಡುತ್ತದೆ ಎಂಬುದು ನನ್ನ ಹೊಟ್ಟೆಪಾಡಿನ ವಿದ್ಯೆ.

ಅಣ್ಣನ ಮಗಳು ಗೋಕಾಕದಲ್ಲಿ ಬಿಸಿಎ ಓದುತ್ತಾಳೆ. ಕಬ್ಬಿನ ಬಿಲ್ಲು ಬಂದಾಗ ಅಣ್ಣ ಅವಳಿಗೆ ಒಂದು ಹೊಸ ಲ್ಯಾಪ್‌ಟಾಪ್ ಕೊಡಿಸಿದ. ಕೆಲವು ವಾರ ಕಳೆದ ಮೇಲೆ ಅವಳು ಅದನ್ನು ಎತ್ತಿಕೊಂಡು ನನ್ನ ಹತ್ತಿರ ಬಂದಳು. “ಕಾಕಾ, ಇದ್ರಾಗಿಂದ ಸಣ್ಣಗ ಕುಂಯ್ ಅಂತ ಒಂದ ಸಮ ಸಪ್ಪಳ ಬರಾಕತ್ತೈತಿ. ರಾತ್ರಿ ಓದಾಕ ಕುಂತ್ರ ತಲಿ ಹಿಡೀತೈತಿ.” ನಾನು ಕಿವಿ ಇಟ್ಟು ಕೇಳಿದೆ. ಏನೂ ಇಲ್ಲ. ಅಣ್ಣನೂ ಕೇಳಿದ, ಅವನಿಗೂ ಇಲ್ಲ. “ಯಾವಾಗಲೂ ಕಿವ್ಯಾಗ ಅದೊಂದು ವೈರ್ ಹಾಕ್ಕೊಂಡ ಇರತಿ, ಕಿವಿ ಕೆಟ್ಟಾವ” ಎಂದು ಅವನು ತೀರ್ಮಾನ ಕೊಟ್ಟು ಹೊಲಕ್ಕೆ ಹೋದ. ಆದರೆ ಅವಳ ತಮ್ಮ, ಇನ್ನೂ ಪ್ರಾಥಮಿಕ ಶಾಲೆ ಹುಡುಗ, ಪಡಸಾಲೆಯಲ್ಲಿ ಕೂತಿದ್ದವನು ಕರೆಯದೇ ಎದ್ದು ಬಂದು, “ಅಕ್ಕ ಸುಳ್ಳ ಹೇಳವಲ್ಲಳು, ನನಗೂ ಕೇಳಸ್ತೈತಿ” ಅಂದ.

ಶಹರದ ಸರ್ವಿಸ್ ಸೆಂಟರಿಗೆ ಒಯ್ದಾಗ ಅಲ್ಲಿನವರು ಲ್ಯಾಪ್‌ಟಾಪ್ ಚಾಲೂ ಮಾಡಿ, ಒಂದು ಸಾಫ್ಟ್‌ವೇರ್ ಓಡಿಸಿ, ಎಲ್ಲ ಹಸಿರು ಗುರುತು ಬಂತೆಂದು ಜಾಬ್ ಶೀಟಿನ ಮೇಲೆ ‘ಯಾವುದೇ ದೋಷ ಕಂಡುಬಂದಿಲ್ಲ’ ಎಂದು ಬರೆದು ವಾಪಸ್ ಕೊಟ್ಟರು. ಕಂಡುಬಂದಿಲ್ಲ ಎಂದರೆ ಕಂಡುಬಂದಿಲ್ಲವೇ ಸರಿ, ಅದು ಕಣ್ಣಿಗೆ ಕಾಣುವ ದೋಷವೇ ಅಲ್ಲ. ಕಂಪನಿ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಯಾಕೆಂದರೆ ಈ ಸಪ್ಪಳ ಎಲ್ಲ ಕಂಪನಿಗಳ ಲ್ಯಾಪ್‌ಟಾಪುಗಳಲ್ಲೂ ಬರುತ್ತದೆ, ಈ ಉತ್ತರವೂ ಎಲ್ಲ ಕಡೆ ಸಿಗುತ್ತದೆ. ನನ್ನ ತಕರಾರು ಇರುವುದು ಬೇರೆ ಕಡೆ. ಸದ್ದು ಕೇಳಿಸದವನೇ ಸದ್ದು ಇಲ್ಲ ಎಂದು ತೀರ್ಪು ಕೊಡುವ ಪದ್ಧತಿ ನಡೆದುಬಂದಿದೆಯಲ್ಲ, ಅದರ ಮೇಲೆ.

ಮನುಷ್ಯನ ಕಿವಿ ಸೆಕೆಂಡಿಗೆ 20 ಕಂಪನದಿಂದ 20,000 ಕಂಪನದವರೆಗೆ ಕೇಳುತ್ತದೆ ಎಂದು ಶಾಲೆಯ ಪುಸ್ತಕದಲ್ಲಿ ಓದಿದ್ದೇವೆ. ಅದು ಮಕ್ಕಳ ಕಿವಿಯ ಲೆಕ್ಕ. ವಯಸ್ಸು ಏರಿದಂತೆ ಕಿವಿ ಮೇಲಿನ ತುದಿಯಿಂದ ಸವೆಯುತ್ತ ಬರುತ್ತದೆ. ಒಳಗಿವಿಯ ಶಂಖದಂಥ ಭಾಗದಲ್ಲಿ ಬಲು ಸಣ್ಣ ಕೂದಲಿನ ಜೀವಕೋಶಗಳಿವೆ. ಎತ್ತರದ ಸ್ವರ ಹಿಡಿಯುವ ಕೋಶಗಳು ಬಾಗಿಲ ಹತ್ತಿರವೇ ಇರುವುದರಿಂದ ಮೊದಲು ಹೋಗುವುದೂ ಅವೇ. ಒಮ್ಮೆ ಹೋದರೆ ಮತ್ತೆ ಹುಟ್ಟುವುದಿಲ್ಲ. ಐವತ್ತು ದಾಟಿದವರಲ್ಲಿ ಬಹಳ ಜನಕ್ಕೆ 12,000ದ ಮೇಲಿನದು ಕೇಳಿಸುವುದೇ ಇಲ್ಲ. ಗದ್ದಲದಲ್ಲಿ ದುಡಿದವರದು ಇನ್ನೂ ಬೇರೆ ಕಥೆ. ಅವರ ಕಿವಿ ಮೊದಲು 4,000ದ ಆಸುಪಾಸಿನಲ್ಲಿ ಬೀಳುತ್ತದೆ. ಗೋಕಾಕ ಫಾಲ್ಸಿನ ನೀರಿನ ಬಲವನ್ನು ನೂಲಿನ ಗಿರಣಿಗೆ ಹೂಡಿದ್ದು 1887ರಲ್ಲಿ. ಅಂದಿನಿಂದ ಈ ಸೀಮೆಯ ಎಷ್ಟು ತಲೆಮಾರು ಆ ಯಂತ್ರಗಳ ನಡುವೆ ನಿಂತು ದುಡಿದಿದೆ! ಫಾಲ್ಸಿನಲ್ಲಿ ಕೆಲಸ ಮಾಡಿ ಬಂದ ಹಿರಿಯರು ಯಾಕೆ ಅಷ್ಟು ಜೋರಾಗಿ ಮಾತಾಡುತ್ತಾರೆ ಎಂದು ಚಿಕ್ಕವರಿದ್ದಾಗ ನಾವು ನಗುತ್ತಿದ್ದೆವು. ಈಗ ನನ್ನ ಹೆಂಡತಿ ನನ್ನ ಮಾತಿಗೂ ಅದನ್ನೇ ಹೇಳುತ್ತಾಳೆ. ಗ್ರೈಂಡರ್, ಡ್ರಿಲ್, ಟೆಸ್ಟಿಂಗಿಗೆ ಓಡಿಸಿದ ಮೋಟರ್ ಎಲ್ಲ ಸೇರಿ ನನ್ನ ಕಿವಿಯನ್ನೂ ಸಾಕಷ್ಟು ತಿಂದಿವೆ.

ಒಂದು ಕಾಲಕ್ಕೆ ನನಗೂ ಕೇಳುತ್ತಿತ್ತು. ದೂರದರ್ಶನದಲ್ಲಿ ರಾಮಾಯಣ ಬರುತ್ತಿದ್ದ 1987-88ರ ದಿನಗಳು ನೆನಪಿರುವವರಿಗೆ ಇದು ತಿಳಿಯುತ್ತದೆ. ಡಬ್ಬಿ ಟಿವಿ ಇದ್ದ ಮನೆಯ ಮುಂದೆ ಹೋದರೆ ಸಾಕು, ದನಿ ಪೂರ್ತಿ ಇಳಿಸಿದ್ದರೂ, ಒಳಗೆ ಟಿವಿ ಹಚ್ಚಿದ್ದಾರೆ ಎಂದು ನಮಗೆ ಹುಡುಗರಿಗೆ ಗೊತ್ತಾಗುತ್ತಿತ್ತು. ಅದು ಭ್ರಮೆಯಲ್ಲ. ನಮ್ಮ ದೇಶದ ಟಿವಿಯ ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ ಸೆಕೆಂಡಿಗೆ 15,625 ಗೆರೆ. ಆ ಗೆರೆ ಎಳೆಸುವ ಟ್ರಾನ್ಸ್‌ಫಾರ್ಮರ್ ಅಷ್ಟೇ ಸಲ ನಡುಗುತ್ತಿತ್ತು, ನಮ್ಮ ಕಿವಿ ಅದನ್ನು ಹಿಡಿಯುತ್ತಿತ್ತು. ಟಿವಿ ಕೊಂಡ ಯಜಮಾನನಿಗೆ ಮಾತ್ರ ಅದು ಕೇಳಿಸುತ್ತಿರಲಿಲ್ಲ.

ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಹೋವರ್ಡ್ ಸ್ಟೇಪಲ್‌ಟನ್ ಎಂಬಾತ 2005ರಲ್ಲಿ ಇದನ್ನೇ ವ್ಯಾಪಾರಕ್ಕೆ ಹಚ್ಚಿದ. ಅಂಗಡಿ ಮುಂದೆ ಗುಂಪು ಕಟ್ಟಿ ನಿಲ್ಲುವ ಹುಡುಗರನ್ನು ಓಡಿಸಲು ಸೆಕೆಂಡಿಗೆ ಸುಮಾರು 17,000 ಕಂಪನದ ಸದ್ದು ಹೊರಡಿಸುವ ಒಂದು ಪೆಟ್ಟಿಗೆ ಮಾಡಿದ, ಅದಕ್ಕೆ ಸೊಳ್ಳೆ ಎಂದೇ ಹೆಸರಿಟ್ಟ. ದೊಡ್ಡ ಗಿರಾಕಿಗಳಿಗೆ ಏನೂ ತೊಂದರೆಯಿಲ್ಲ, ಹುಡುಗರಿಗೆ ನಿಲ್ಲಲಾಗುವುದಿಲ್ಲ. ಮರುವರ್ಷ ಅವನಿಗೆ ನಗೆಯ ನೊಬೆಲ್ ಎನ್ನುವ ಇಗ್ ನೊಬೆಲ್ ಬಹುಮಾನ ಸಿಕ್ಕಿತು. ಹುಡುಗರೂ ಕಡಿಮೆಯವರಲ್ಲ. ಅದೇ ಸದ್ದನ್ನು ಮೊಬೈಲಿನ ರಿಂಗ್‌ಟೋನ್ ಮಾಡಿಕೊಂಡು, ತರಗತಿಯಲ್ಲಿ ಮೇಷ್ಟ್ರಿಗೆ ಕೇಳದ ಹಾಗೆ ಬಳಸಿದರು. ಅಂದರೆ ಹಿರಿಯರಿಗೆ ಕೇಳದ ಸದ್ದು ಇದೆ ಎನ್ನುವುದು ಅಂಗಡಿಯಲ್ಲಿ ಮಾರಾಟವಾದ ಸತ್ಯ. ಅದನ್ನು ಸರ್ವಿಸ್ ಸೆಂಟರಿನ ಮೇಜಿನ ಮುಂದೆ ಮಾತ್ರ ಒಪ್ಪುವುದಿಲ್ಲ.

ಸರಿ, ಹುಡುಕುವುದು ಹೇಗೆ? ಮೋಟರ್ ಸಪ್ಪಳ ಮಾಡುತ್ತದೆ ಎಂದು ರೈತ ಹೊತ್ತು ತಂದರೆ ನಾವು ಮೊದಲು ನೋಡುವುದು ಒಂದೇ: ಸ್ವಿಚ್ ತೆಗೆದ ಕೂಡಲೇ ಸಪ್ಪಳ ನಿಂತಿತೋ, ಇಲ್ಲ ಮೋಟರಿನ ಜೊತೆ ಸಾವಕಾಶ ಇಳಿಯಿತೋ? ಕೂಡಲೇ ನಿಂತರೆ ಅದು ಕರೆಂಟಿನದು, ಅಂದರೆ ವೈಂಡಿಂಗು. ಸಾವಕಾಶ ಇಳಿದರೆ ತಿರುಗುವ ಭಾಗದ್ದು, ಅಂದರೆ ಬೇರಿಂಗು. ಈ ಪರೀಕ್ಷೆಗೆ ಯಾವ ಮೀಟರೂ ಬೇಡ. ಲ್ಯಾಪ್‌ಟಾಪಿಗೂ ಅದನ್ನೇ ಮಾಡಿದೆವು. ಊರು ಮಲಗಿದ ಮೇಲೆ ನಾನು ಮನೆಯ ಮೇನ್ ಸ್ವಿಚ್ ಇಳಿಸಿದೆ. ಫ್ರಿಜ್ ಇಲ್ಲ, ಫ್ಯಾನ್ ಇಲ್ಲ, ಟ್ಯೂಬ್‌ಲೈಟಿನ ಚೋಕಿನ ಗುಂಯ್‌ಗುಟ್ಟುವಿಕೆ ಇಲ್ಲ, ಗೋಡೆಗೆ ಸಿಕ್ಕಿಸಿಟ್ಟ ಮೊಬೈಲ್ ಚಾರ್ಜರುಗಳೂ ಇಲ್ಲ. ಅವೂ ಎಷ್ಟೋ ಸಲ ಇಂಥದೇ ಸದ್ದು ಮಾಡುತ್ತವೆ. ಇನ್ವರ್ಟರನ್ನೂ ಬಂದ್ ಮಾಡಿದೆ, ಯಾಕೆಂದರೆ ಅಗ್ಗದ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಹಾಕಿದ ಫ್ಯಾನು, ಚೋಕು ಎಲ್ಲವೂ ಗುರುಗುಟ್ಟುತ್ತವೆ. ಉಳಿದದ್ದು ಬ್ಯಾಟರಿ ಮೇಲಿದ್ದ ಲ್ಯಾಪ್‌ಟಾಪ್ ಒಂದೇ.

“ಈಗ?” ಅಂದೆ. “ಐತಿ” ಅಂದಳು. ಹಾಗಾದರೆ ಚಾರ್ಜರಿನದಲ್ಲ, ಅರ್ಥಿಂಗಿನದೂ ಅಲ್ಲ. ಎರಡೂ ಕಿವಿ ಬೆರಳಿನಿಂದ ಮುಚ್ಚಿಕೊ ಅಂದೆ. ನಿಂತಿತು ಅಂದಳು. ಇದು ಮುಖ್ಯ. ಮುಚ್ಚಿಕೊಂಡ ಮೇಲೂ ಕೇಳಿದರೆ ಸದ್ದು ಕಿವಿಯೊಳಗಿನದು, ಅದಕ್ಕೆ ಲ್ಯಾಪ್‌ಟಾಪ್ ರಿಪೇರಿಯವರಲ್ಲ, ಕಿವಿ ಡಾಕ್ಟರು ಬೇಕು. ಸ್ಪೀಕರ್ ಬಂದ್ ಮಾಡಿದಳು, ಸದ್ದು ಉಳಿಯಿತು. ಪರದೆಯ ಬೆಳಕು ಇಳಿಸಿದಳು, ಏರಿಸಿದಳು, ಫರಕಾಗಲಿಲ್ಲ. ಕೆಲವು ಲ್ಯಾಪ್‌ಟಾಪುಗಳಲ್ಲಿ ಬೆಳಕು ಕಡಿಮೆ ಮಾಡಿದಾಗ ಮಾತ್ರ ಸದ್ದು ಬರುತ್ತದೆ, ಅದು ಪರದೆಯ ದೀಪದ ಸರ್ಕ್ಯೂಟಿನದು. ಇದರಲ್ಲಿ ತಿರುಗುವ ಹಾರ್ಡ್ ಡಿಸ್ಕ್ ಇಲ್ಲ. ಫ್ಯಾನು ನಿಂತಿತ್ತು, ಗಾಳಿ ಬರುವ ಸಂದಿಗೆ ಅಂಗೈ ಹಿಡಿದು ನೋಡಿದೆ. ಕೊನೆಗೆ ಲ್ಯಾಪ್‌ಟಾಪನ್ನು ನಿದ್ದೆಗೆ ಹಾಕಲು ಹೇಳಿದೆ. ಪರದೆ ಆರಿತು, ಸದ್ದು ಆ ಕ್ಷಣಕ್ಕೇ ಕತ್ತರಿಸಿ ನಿಂತಿತು ಅಂದಳು. ವೈಂಡಿಂಗು!

ನನ್ನ ಕಿವಿಗೆ ಇದ್ಯಾವುದೂ ಬೀಳುತ್ತಿರಲಿಲ್ಲ, ಅವಳ ಮುಖ ನೋಡಿ ನಡೆಸಬೇಕಾಗಿತ್ತು. ಅದಕ್ಕೆ ಅವಳೇ ಒಂದು ದಾರಿ ಮಾಡಿದಳು. ಮೊಬೈಲಿನಲ್ಲಿ ಸದ್ದನ್ನು ಗೆರೆ ಮಾಡಿ ತೋರಿಸುವ ಪುಕ್ಕಟೆ ಆ್ಯಪುಗಳಿವೆ. ಎಡಗಡೆ ಗಡಸು ಸದ್ದು, ಬಲಗಡೆ ಸಣ್ಣ ಸದ್ದು, ಎಲ್ಲ ಗುಡ್ಡ ಗುಡ್ಡವಾಗಿ ಕಾಣುತ್ತದೆ. ಮೊಬೈಲನ್ನು ಕೀಬೋರ್ಡಿನ ಮೇಲಿಟ್ಟಾಗ 11,000ದ ಹತ್ತಿರ ಒಂದೇ ಒಂದು ಗೆರೆ ಕಡ್ಡಿ ನೆಟ್ಟ ಹಾಗೆ ನಿಂತಿತ್ತು. ನಿದ್ದೆಗೆ ಹಾಕಿದರೆ ಮಾಯ, ಎಬ್ಬಿಸಿದರೆ ಹಾಜರ್. ಮೌಸ್ ಆಡಿಸಿದರೆ ಆ ಗೆರೆ ನಡುಗಿ ಚದುರುತ್ತಿತ್ತು. ಮೌಸ್ ಬಿಟ್ಟರೆ ಮತ್ತೆ ನೆಟ್ಟಗೆ. ದೊಡ್ಡ ವಿಡಿಯೊ ಹಚ್ಚಿದರೆ ಪೂರ್ತಿ ಇಲ್ಲ. ಕೆಲಸ ಮಾಡುವಾಗ ಸುಮ್ಮನಿದ್ದು, ಸುಮ್ಮನಿದ್ದಾಗ ಚೀರುವ ಯಂತ್ರ ನನಗೆ ಹೊಸದು. ಮೋಟರುಗಳು ಲೋಡು ಬಿದ್ದಾಗ ಗೋಳಾಡುತ್ತವೆ, ಇದು ತಿರುಗುಮುರುಗು.

ಜಾಗ ಹುಡುಕುವುದಿತ್ತು. ಬೇರಿಂಗಿನ ಸದ್ದು ಕೇಳಲು ನಾವು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟರಿನ ಮೈಗೆ ಹಚ್ಚಿ ಹಿಡಿಕೆಯನ್ನು ಕಿವಿಗೆ ಒತ್ತುತ್ತೇವೆ. ಇಲ್ಲಿ ಕಬ್ಬಿಣ ಬೇಡವೆಂದು ಔಷಧ ಹೊಡೆಯುವ ಪಂಪಿನ ಪೈಪಿನ ಒಂದು ತುಂಡು ತೊಳೆದು ತಂದೆ. ಒಂದು ತುದಿ ಅವಳ ಕಿವಿಗೆ, ಇನ್ನೊಂದು ತುದಿ ನನ್ನ ಕೈಯಲ್ಲಿ. ಕೀಬೋರ್ಡಿನ ಮೇಲೆ ಬೆರಳಗಲ ಬೆರಳಗಲ ಸರಿಸುತ್ತ ಹೋದೆ. “ಇಲ್ಲೆ?” “ಇಲ್ಲ.” “ಇಲ್ಲೆ?” “ಸ್ವಲ್ಪ.” ಎಫ್5 ಕೀಲಿಯ ಮೇಲೆ ಬಂದಾಗ ಅವಳು ಹಣೆ ಗಂಟಿಕ್ಕಿ ಪೈಪು ಕಿತ್ತುಕೊಂಡಳು. “ಇಲ್ಲೇ ಕಾಕಾ, ಇಲ್ಲೇ ಐತಿ!” ಪೈಪಿಲ್ಲದೆ ಬರಿಗಿವಿಯಿಂದ ಹುಡುಕಿದ್ದರೆ ಸಿಗುತ್ತಿರಲಿಲ್ಲ. 11,000 ಕಂಪನದ ಸದ್ದಿನ ಒಂದು ಅಲೆ ಗಾಳಿಯಲ್ಲಿ ಬರೀ ಮೂರು ಸೆಂಟಿಮೀಟರ್ ಉದ್ದ. ಗೋಡೆಗೆ, ಮೇಜಿಗೆ ಬಡಿದು ಬಂದ ಅಲೆಗಳು ಒಂದಕ್ಕೊಂದು ಕೂಡಿ, ಕಳೆದು, ತಲೆ ಚೂರು ಹೊರಳಿಸಿದರೆ ಸದ್ದು ಏರುತ್ತದೆ, ಇಲ್ಲವೇ ಅಳಿಯುತ್ತದೆ. ಹಾಗಾಗಿ ಕೇಳಿಸುವವರಿಗೇ ಅನುಮಾನ ಹುಟ್ಟುತ್ತದೆ, ನಿಜವಾಗಿ ಕೇಳಿದೆನೋ ಇಲ್ಲವೋ ಎಂದು. “ಒಮ್ಮೆ ಬರ್ತೈತಿ, ಒಮ್ಮೆ ಬರೂದಿಲ್ಲ” ಎಂದು ಹೇಳುವವಳನ್ನು ಮೇಜಿನ ಆಚೆ ಕೂತವನು ನಂಬುವುದು ಇನ್ನೂ ಕಷ್ಟ.

ಆ ಜಾಗದ ಕೆಳಗೆ ಏನಿದೆ? ಇಂಥದೇ ಒಂದು ಹಳೆಯ ಸತ್ತ ಲ್ಯಾಪ್‌ಟಾಪಿನ ಬೋರ್ಡು ನನ್ನ ಅಂಗಡಿಯಲ್ಲಿ ಬಿದ್ದಿತ್ತು, ಅದನ್ನು ತೋರಿಸಿ ಅವಳಿಗೆ ಹೇಳಿದೆ. ಪ್ರೊಸೆಸರಿನ ಪಕ್ಕದಲ್ಲಿ ಬೆರಳುಗುರಿನಷ್ಟು ಬೂದು ಬಣ್ಣದ ಚೌಕ ತುಂಡುಗಳು ಸಾಲಾಗಿ ಕೂತಿರುತ್ತವೆ, ಮೇಲೆ ಆರ್22, ಆರ್15 ಎಂದು ಬರೆದಿರುತ್ತದೆ. ಅವೇ ಕಾಯಿಲು. ನಮ್ಮ ಮೋಟರಿನಲ್ಲಿ ನೂರಾರು ಸುತ್ತು, ಅದರಲ್ಲಿ ನಾಲ್ಕಾರು ಸುತ್ತು. ಚಾರ್ಜರಿನಿಂದ ಬರುವುದು 19 ಅಥವಾ 20 ವೋಲ್ಟ್. ಪ್ರೊಸೆಸರಿಗೆ ಬೇಕಾದದ್ದು ಒಂದು ವೋಲ್ಟಿನ ಆಸುಪಾಸು, ಆದರೆ ಆಂಪಿಯರ್ ಹತ್ತಾರು. ಹೀಗೆ ಇಳಿಸುವುದಕ್ಕೆ ಒಂದು ಎಲೆಕ್ಟ್ರಾನಿಕ್ ಸ್ವಿಚ್ಚು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಚಾಲೂ-ಬಂದ್ ಆಗುತ್ತದೆ, ಕಾಯಿಲು ಆ ತುಂಡು ತುಂಡು ಕರೆಂಟನ್ನು ಒಂದು ಸಮ ಮಾಡುತ್ತದೆ. ಲಕ್ಷದ ಲೆಕ್ಕದ ನಡುಕ ಯಾವ ಮನುಷ್ಯನಿಗೂ ಕೇಳುವುದಿಲ್ಲ. ತೊಂದರೆ ಶುರುವಾಗುವುದು ಬ್ಯಾಟರಿ ಉಳಿಸುವ ಉಪಾಯದಿಂದ. ಪ್ರೊಸೆಸರಿಗೆ ಕೆಲಸವಿಲ್ಲದಾಗ ಅದು ಅರೆನಿದ್ದೆಗೆ ಜಾರುತ್ತದೆ. ಸ್ವಿಚ್ಚು ಪೂರ್ತಿ ಓಡುವುದನ್ನು ಬಿಟ್ಟು ಒಂದಿಷ್ಟು ಹೊಡೆದು, ನಿಂತು, ಮತ್ತೆ ಒಂದಿಷ್ಟು ಹೊಡೆಯುತ್ತದೆ. ಬೇಸಿಗೆಯಲ್ಲಿ ನೀರು ಇಳಿದ ಬೋರು ಉಗುಳಿ ಉಗುಳಿ ಬಿಡುವ ಹಾಗೆ. ಆ ಕಂತುಗಳು ಸೆಕೆಂಡಿಗೆ ಸಾವಿರದ ಲೆಕ್ಕದಲ್ಲಿ ಬಂದರೆ, ಕಾಯಿಲಿನ ನಡುಕ ನೇರ ಹುಡುಗಿಯ ಕಿವಿಯ ಸೀಮೆಗೆ ಬಂದು ನಿಲ್ಲುತ್ತದೆ. ವಿಡಿಯೊ ಹಚ್ಚಿದಾಗ ಯಾಕೆ ಸುಮ್ಮನಾಯಿತು ಎಂಬುದಕ್ಕೂ ಇದೇ ಉತ್ತರ.

ಕರೆಂಟು ಹರಿದ ತಂತಿಗಳು ಒಂದನ್ನೊಂದು ಎಳೆಯುತ್ತವೆ, ತಳ್ಳುತ್ತವೆ. ಜೊತೆಗೆ ಅಯಸ್ಕಾಂತವಾದ ಕಬ್ಬಿಣ ತುಸು ಉದ್ದವಾಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಇದನ್ನು ಇಂಗ್ಲೆಂಡಿನ ಜೇಮ್ಸ್ ಜೂಲ್ 1842ರಲ್ಲೇ ಕಂಡುಹಿಡಿದಿದ್ದ. ಊರ ಅಗಸಿಯ ಹತ್ತಿರ ನಿಂತ ಟಿಸಿ, ಅಂದರೆ ಕರೆಂಟಿನ ಟ್ರಾನ್ಸ್‌ಫಾರ್ಮರ್, ಗುಂಯ್ ಎನ್ನುವುದೂ ಇದರಿಂದಲೇ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು, ಪ್ರತಿ ಸುತ್ತಿಗೆ ಎರಡು ಸಲ ಎಳೆತ, ಹಾಗಾಗಿ ಟಿಸಿಯ ದನಿ 100. ಇನ್ನು ಬೋರ್ಡಿನ ಮೇಲಿನ ಸಿರಾಮಿಕ್ ಕೆಪಾಸಿಟರುಗಳದು ಬೇರೊಂದು ತರಹ. ಅವುಗಳೊಳಗಿನ ಪುಡಿಗೆ ವೋಲ್ಟೇಜ್ ಕೊಟ್ಟರೆ ಉಬ್ಬುತ್ತದೆ, ತೆಗೆದರೆ ಕುಗ್ಗುತ್ತದೆ. ಅಡುಗೆಮನೆಯ ಗ್ಯಾಸ್ ಲೈಟರಿನಲ್ಲಿ ಹರಳಿಗೆ ಪೆಟ್ಟು ಕೊಟ್ಟು ಕಿಡಿ ಹಾರಿಸುತ್ತೀರಲ್ಲ, ಅದರದೇ ತಿರುವು. ಹರಳಿಗೆ ಪೆಟ್ಟು ಬಿದ್ದರೆ ವಿದ್ಯುತ್ ಹುಟ್ಟುವುದನ್ನು ಫ್ರಾನ್ಸಿನ ಕ್ಯೂರಿ ಸಹೋದರರು 1880ರಲ್ಲಿ ತೋರಿಸಿದ್ದರು. ಕೆಪಾಸಿಟರಿನ ಉಬ್ಬುತಗ್ಗಿಗೆ ಬೋರ್ಡೇ ಹಲಗೆಯ ಚರ್ಮವಾಗಿ ಬಡಿದುಕೊಳ್ಳುತ್ತದೆ.

ನನ್ನ ಕೈ ತುರಿಸಿತು, ಸುಳ್ಳು ಯಾಕೆ ಹೇಳಲಿ. ವೈಂಡಿಂಗಿನ ಸದ್ದಿಗೆ ನಮ್ಮಲ್ಲಿ ಮದ್ದು ಇದೆ. ಸ್ಲಾಟಿನೊಳಗೆ ಲೆದರಾಯ್ಡ್ ಪೇಪರ್ ಮಡಚಿ ಕೂರಿಸಿ, ತಂತಿ ತುಂಬಿ, ಮೇಲೆ ಬಿದಿರಿನ ಸೀಳು ಬಡಿದು ಬಿಗಿ ಮಾಡುತ್ತೇವೆ. ಆಮೇಲೆ ವಾರ್ನಿಷ್ ಸುರಿದು, ಹೊಟ್ಟೆಯೊಳಗೆ 200 ವ್ಯಾಟಿನ ಬಲ್ಬು ಇಳಿಬಿಟ್ಟು ರಾತ್ರಿಯೆಲ್ಲ ಒಣಗಿಸುತ್ತೇವೆ. ತಂತಿ ಅಲುಗದಿದ್ದರೆ ಸದ್ದಿಲ್ಲ. ಅವಸರಕ್ಕೆ ವಾರ್ನಿಷ್ ಉಳಿಸಿದ ಮೋಟರ್ ಯಾವುದೆಂದು ಚಾಲೂ ಮಾಡಿದ ಕೂಡಲೇ ಗೊತ್ತಾಗುತ್ತದೆ. ಆದರೆ ಲ್ಯಾಪ್‌ಟಾಪಿನ ಈಗಿನ ಕಾಯಿಲುಗಳು ಪುಡಿಯೊಳಗೆ ಅಚ್ಚು ಹಾಕಿದ ಗಟ್ಟಿ ತುಂಡುಗಳು. ಹೊರಗಿನಿಂದ ಏನು ಸುರಿದರೂ ಒಳಗಿಳಿಯುವುದಿಲ್ಲ, ಬಿಸಿ ಹೊರಹೋಗುವ ದಾರಿ ಮಾತ್ರ ಕಟ್ಟುತ್ತದೆ. ಜೊತೆಗೆ ಮುಚ್ಚಳ ತೆಗೆದರೆ ವಾರಂಟಿ ತಗಾದೆ. ಯೂಟ್ಯೂಬಿನಲ್ಲಿ ಅಂಟು ಹಾಕಿ ತೋರಿಸುವವರನ್ನು ನೋಡಿ ಯಾರೂ ಹೊಸ ಲ್ಯಾಪ್‌ಟಾಪಿಗೆ ಕೈ ಹಾಕಬೇಡಿ. ಬಯೋಸ್ ಎಂಬ ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗಿನಲ್ಲಿ ಸಿ-ಸ್ಟೇಟ್ ಎಂಬುದನ್ನು ಬಂದ್ ಮಾಡಿದರೆ, ಆ ಸೌಲಭ್ಯ ಇರುವ ಲ್ಯಾಪ್‌ಟಾಪುಗಳಲ್ಲಿ, ಅರೆನಿದ್ದೆಯೇ ಇಲ್ಲವಾಗಿ ಸದ್ದು ಬಹಳ ಸಲ ನಿಲ್ಲುತ್ತದೆ. ಆದರೆ ಬ್ಯಾಟರಿ ಬೇಗ ಇಳಿಯುತ್ತದೆ, ಮೈ ಬಿಸಿಯೇರಿ ಫ್ಯಾನು ಓಡುತ್ತದೆ. ಕಾಸು ಕೊಟ್ಟು ಕೊಂಡವರು ಬ್ಯಾಟರಿಯನ್ನೂ ಯಾಕೆ ಬಿಟ್ಟುಕೊಡಬೇಕು?

ಕಂಪನಿಯವರ ಪರವಾಗಿ ಹೇಳಬೇಕಾದ ಒಂದು ಮಾತಿದೆ. ಈ ಸದ್ದಿನಿಂದ ಲ್ಯಾಪ್‌ಟಾಪ್ ಸುಡುವುದಿಲ್ಲ, ಕೆಡುವ ಸೂಚನೆಯೂ ಅಲ್ಲ. ಇಂಥದೊಂದು ಸಣ್ಣ ದನಿ ಸ್ವಲ್ಪವೂ ಬರದ ಹಾಗೆ ಎಲ್ಲ ಬೋರ್ಡು ಮಾಡುವುದು ಸುಲಭವೂ ಅಲ್ಲ. ಒಪ್ಪಿದೆ. ಆದರೆ ಗುಂಯ್ ಎನ್ನುವ ಮೋಟರನ್ನು ನನ್ನ ಅಂಗಡಿಯಿಂದ ಯಾವ ರೈತನೂ ಒಯ್ಯುವುದಿಲ್ಲ. ನೀರು ಎತ್ತುತ್ತದೆಯಲ್ಲ, ಸದ್ದಿಗೇನು, ಎಂದು ನಾನು ಹೇಳಿ ನೋಡಲಿ! ಹೊಲದ ನಡುವೆ ಬಾವಿಯ ತಳದಲ್ಲಿರುವ ಮೋಟರಿಗೇ ಈ ನಿಯಮವಿದ್ದರೆ, ಮುಖದಿಂದ ಒಂದೂವರೆ ಅಡಿ ದೂರದಲ್ಲಿ ಗಂಟೆಗಟ್ಟಲೆ ತೆರೆದಿಡುವ ವಸ್ತುವಿಗೆ ಯಾಕಿಲ್ಲ?

ಕಾನೂನು ಇಂಥ ಸದ್ದಿಗೆ ಕಿವುಡು. ಶಬ್ದ ಮಾಲಿನ್ಯದ 2000ನೇ ಇಸವಿಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ಅದು ಎಷ್ಟು ಜೋರು ಎಂದು ಅಳೆಯುವ ಲೆಕ್ಕ, ಡಿಜೆಗೆ, ಧ್ವನಿವರ್ಧಕಕ್ಕೆ ಸರಿ. ಎಷ್ಟು ಸಣ್ಣ, ಎಷ್ಟು ಒಂದೇ ಸಮ, ಎಷ್ಟು ಹೊತ್ತು ಎಂಬುದು ಅಲ್ಲಿ ಎಣಿಕೆಗೆ ಬರುವುದಿಲ್ಲ. ಇನ್ನೊಂದು ಮಾತು. ದನಗಳಿಗೆ 35,000 ಕಂಪನದವರೆಗೂ ಕೇಳುತ್ತದೆ. ಕೊಟ್ಟಿಗೆಯ ಗೋಡೆಗೆ ಬಿಗಿದ ಅಗ್ಗದ ಎಲ್‌ಇಡಿ ಬಲ್ಬು, ಚಾರ್ಜರು ನಮ್ಮ ಎಮ್ಮೆಗಳಿಗೆ ಏನು ಹಾಡುತ್ತಿವೆಯೋ, ಅವು ಜಾಬ್ ಶೀಟ್ ತುಂಬಿಸುವುದಿಲ್ಲ.

ಸದ್ದಿನ ದೂರನ್ನು ಎಲ್ಲಿಗೆ ಒಯ್ಯಬೇಕು ಎಂಬ ಪ್ರಶ್ನೆಯೂ ಇದೆ. ಪಕ್ಕದ ಹುಕ್ಕೇರಿ ತಾಲ್ಲೂಕಿನ ಗಿರಾಕಿಗಳು ನನ್ನಲ್ಲಿಗೆ ಬರುತ್ತಾರೆ. ಅವರ ಊರಿಗೆ ಕರೆಂಟು ಕೊಡುವುದು ಹೆಸ್ಕಾಂ ಅಲ್ಲ, ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. 1969ರಲ್ಲಿ ದೇಶದಲ್ಲೆಲ್ಲ ಪ್ರಯೋಗಕ್ಕೆಂದು ಆರಿಸಿದ ಐದು ಸಂಘಗಳಲ್ಲಿ ಅದೂ ಒಂದು, ಕರ್ನಾಟಕದಲ್ಲಿ ಇರುವುದು ಅದೊಂದೇ. ಟಿಸಿ ಸದ್ದು ಹೆಚ್ಚಾದರೆ ಅಲ್ಲಿನ ರೈತ ಸಂಘದ ಬಾಗಿಲಿಗೆ ಹೋಗಿ, ನಾನೂ ಸದಸ್ಯ ಎಂದು ದನಿ ಎತ್ತಬಹುದು. ಕೆಲಸ ಆಗುತ್ತದೋ ಇಲ್ಲವೋ ಬೇರೆ ಮಾತು, ಹೋಗಿ ನಿಲ್ಲಲು ಒಂದು ಬಾಗಿಲಿದೆ. ಲ್ಯಾಪ್‌ಟಾಪ್ ಕೊಂಡವರ ಮುಂದೆ ಇರುವುದು ಒಂದು ಟೋಲ್ ಫ್ರೀ ನಂಬರು, ಹಿಂದಿ-ಇಂಗ್ಲಿಷಿನಲ್ಲಿ ಒಂದು, ಎರಡು ಒತ್ತಲು ಹೇಳುವ ದನಿ. ತುಕ್ಕಾನಟ್ಟಿಯ ಹುಡುಗಿ ಕನ್ನಡದಲ್ಲಿ ‘ಕುಂಯ್ ಅಂತೈತ್ರಿ’ ಎಂದು ಯಾವ ನಂಬರು ಒತ್ತಿ ಹೇಳಬೇಕು?

ಸರ್ವಿಸ್ ಸೆಂಟರಿನ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಅವರೂ ಕೆಲಸಗಾರರೇ. ಆದರೆ ಅವರ ಪರೀಕ್ಷೆಯ ರೀತಿಯೇ ತಪ್ಪು. ರಸ್ತೆಯ ಮೇಲಿನ ಅಂಗಡಿ, ತಲೆಯ ಮೇಲೆ ಎಸಿ, ಪಕ್ಕದಲ್ಲಿ ಹತ್ತು ಲ್ಯಾಪ್‌ಟಾಪುಗಳ ಫ್ಯಾನು. ಅದರ ನಡುವೆ ಇಂಥ ಸದ್ದು ಯಾರಿಗೆ ಕೇಳೀತು? ಅದಕ್ಕಿಂತ ದೊಡ್ಡ ತಪ್ಪು ಪರೀಕ್ಷೆಯ ಸಾಫ್ಟ್‌ವೇರ್ ಓಡಿಸುವುದು. ಪ್ರೊಸೆಸರಿಗೆ ಪೂರ್ತಿ ಕೆಲಸ ಹಚ್ಚಿದಾಗ ಸದ್ದು ನಿಲ್ಲುವ ಲ್ಯಾಪ್‌ಟಾಪಿಗೆ ಪೂರ್ತಿ ಕೆಲಸ ಹಚ್ಚಿ ಸದ್ದಿಲ್ಲ ಎಂದು ಬರೆದರೆ ಏನು ಹೇಳುವುದು? ಚಾರ್ಜರ್ ಕಿತ್ತು, ಏನೂ ಓಡಿಸದೆ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಸುಮ್ಮನೆ ಇಟ್ಟು ಕೇಳಬೇಕು. ಕೇಳುವವನ ವಯಸ್ಸು ನಲವತ್ತು ದಾಟಿದ್ದರೆ ಅಂಗಡಿಯ ಸಣ್ಣ ಹುಡುಗನನ್ನು ಕರೆಯಬೇಕು. ಇಲ್ಲವೇ ಮೊಬೈಲಿನ ಗೆರೆ ನೋಡಬೇಕು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಕಂಪ್ಯೂಟರುಗಳ ಸದ್ದು ಅಳೆಯುವುದಕ್ಕೆ ಐಎಸ್ಒ 7779 ಎಂಬ ಅಂತರರಾಷ್ಟ್ರೀಯ ವಿಧಾನವೇ ಇದೆ. ಕಂಪನಿಗಳು ಅದನ್ನು ತಮ್ಮ ಪ್ರಯೋಗಾಲಯದಲ್ಲಿ ಬಳಸುತ್ತವೆ, ಗಿರಾಕಿಯ ಮುಂದಿನ ಮೇಜಿಗೆ ಅದು ಇಳಿದು ಬಂದಿಲ್ಲ.

ಅವಳು ಎರಡನೆಯ ಸಲ ಹೋದಾಗ ಬಾಯಿಮಾತು ಬಿಟ್ಟು ಮೊಬೈಲಿನ ವಿಡಿಯೊ ಒಯ್ದಳು: ನಿದ್ದೆಗೆ ಹಾಕಿದಾಗ ಗೆರೆ ಮಾಯವಾಗುವುದು, ಎಬ್ಬಿಸಿದಾಗ ಬರುವುದು. ಅವರು ನೋಡಿದರು, ಮೇಲಿನವರಿಗೆ ಕಳಿಸಿದರು, ಬೋರ್ಡು ಬದಲಿಸಿಕೊಟ್ಟರು. ಹೊಸ ಬೋರ್ಡಿನಲ್ಲೂ ಗೆರೆ ಇದೆ, ಮೊದಲಿನ ಎತ್ತರ ಇಲ್ಲ. “ಈಗ ಫ್ಯಾನ್ ಹಚ್ಚಿದ್ರ ಕೇಳೂದಿಲ್ಲ ಬಿಡ ಕಾಕಾ” ಎನ್ನುತ್ತಾಳೆ. ಅವಳ ತಮ್ಮ ಮಾತ್ರ ಇನ್ನೂ ಕೇಳುತ್ತದೆ ಎಂದೇ ಹೇಳುತ್ತಾನೆ, ನಾನು ಅವನನ್ನು ನಂಬುತ್ತೇನೆ.

ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸುವವರಿಗೆ ನನ್ನ ಮನವಿ. ಮನೆಗೆ ತಂದ ಮೊದಲ ದಿನವೇ, ಅಂಗಡಿಯವರು ವಾಪಸ್ ತೆಗೆದುಕೊಳ್ಳುವ ಅವಧಿ ಮುಗಿಯುವ ಮೊದಲೇ, ರಾತ್ರಿ ಎಲ್ಲ ಬಂದ್ ಮಾಡಿ ಈ ಪರೀಕ್ಷೆ ಮಾಡಿ. ಮನೆಯ ಅತಿ ಸಣ್ಣ ಮಗುವನ್ನು ಕರೆದು ಕೇಳಿಸಿ. ಸದ್ದಿದ್ದರೆ ದೂರನ್ನು ನಿಮ್ಮ ಮಾತಿನಲ್ಲೇ ಜಾಬ್ ಶೀಟಿನ ಮೇಲೆ ಬರೆಸಿ, ‘ಜನರಲ್ ಚೆಕಪ್’ ಎಂದು ಬರೆದರೆ ಸಹಿ ಹಾಕಬೇಡಿ. ಗುಣಮಟ್ಟದಲ್ಲಿನ ಕೊರತೆಯೂ 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ದೋಷವೇ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915. ಜಿಲ್ಲಾ ಗ್ರಾಹಕರ ಆಯೋಗ ಬೆಳಗಾವಿಯಲ್ಲಿದೆ, ಐದು ಲಕ್ಷ ರೂಪಾಯಿಯೊಳಗಿನ ವಸ್ತುವಿಗೆ ಅಲ್ಲಿ ದೂರು ಕೊಡಲು ಶುಲ್ಕವಿಲ್ಲ, ಎರಡು ವರ್ಷದ ಒಳಗೆ ಕೊಡಬೇಕು.